ದೋಣಿಯ ಮೂತಿ ಯಾವ ಕಡೆ

ಗಣಿತ ಕಲಿಸುವವನು ಅಂಗಿಯ ವಿಷಯದಲ್ಲಿ ಮೂಢನಂಬಿಕೆ ಇಟ್ಟುಕೊಳ್ಳಬಾರದು ಅಂತ ನನಗೂ ಗೊತ್ತದ ನೋಡ್ರಿ. ಆದರೂ ಒಂದು ತಿಂಗಳಿಂದ ನನ್ನ ಬೂದು ಬಣ್ಣದ ಅಂಗಿಯೊಂದು ಕೆಸರು ಮೆತ್ತಿಕೊಂಡೇ ಅಲ್ಮಾರಿಯ ಮೇಲೆ ಅಡಗಿ ಕೂತಿತ್ತು. ಇವತ್ತು ಮುಂಜಾನೆ ಆಳಂದದ ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವಾಗ ಅದು ನನ್ನ ಹೆಂಡತಿ ಮಹಾದೇವಿಯ ಕೈಗೆ ಸಿಕ್ಕಿಬಿಟ್ಟಿತು. ಒಗೆಯುವ ಮುಂಚೆ ಕಿಸೆ ತಡಕುವುದು ಆಕೆಯ ರೂಢಿ. ಕಿಸೆಯಿಂದ ಒಂದು ಚಾಕ್‌ಪೀಸಿನ ತುಂಡು ಹೊರಬಿತ್ತು. ನೀರಲ್ಲಿ ನೆನೆದು, ಒಣಗಿ, ಒಂದು ತುದಿ ಚೂಪಾಗಿತ್ತು.

"ರೀ, ಇದೇನ್ರಿ ಇದು? ಅಂಗಿಯೋ, ಗದ್ದಿಯೋ?"

"ಅದನ್ನ ಒಗೀಬ್ಯಾಡ! ಮೂರು ಗಂಟಿ ತನಕ ಮುಟ್ಟಬ್ಯಾಡ, ನಸೀಬ ತೊಳದು ಹೋಗ್ತದ!" ಅಂತ ನಾನು ಚಹಾದ ಬಸಿ ಹಿಡಿದುಕೊಂಡೇ ಓಡಿಬಂದೆ.

ಮೂರು ಗಂಟೆಗೆ ಪಿಯುಸಿ ಮರುಪರೀಕ್ಷೆಯ ಫಲಿತಾಂಶ. ಅದರಲ್ಲಿ ನನಗೆ ಬೇಕಾದದ್ದು ಒಂದೇ ಒಂದು ಹುಡುಗಿಯದು, ಅದರಲ್ಲೂ ಗಣಿತದ್ದು. ಆ ಹುಡುಗಿ ಭಾಗಮ್ಮ. ಆಕೆ ನಪಾಸಾದರೆ ತಪ್ಪು ಆಕೆಯದಲ್ಲ, ನನ್ನದು. ಈ ಮಾತನ್ನು ಒಂದು ತಿಂಗಳಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದೇನೆ. ಉಂಡದ್ದು ಜೀರ್ಣ ಆಗವಲ್ದು. ಇವತ್ತು ನಿಮಗೆ ಹೇಳಿಬಿಡುತ್ತೇನೆ, ಹೆಂಗೂ ಮೂರು ಗಂಟೆ ಆಗುವ ತನಕ ನನಗೆ ಬೇರೆ ಕೆಲಸ ಮಾಡಲು ಆಗುವುದಿಲ್ಲ.

ನಾನು ಅಫಜಲಪುರದ ಒಂದು ಕಾಲೇಜಿನಲ್ಲಿ ಗಣಿತ ಹೇಳುವವನು. ವಾರವಿಡೀ ಅಲ್ಲಿ, ಶನಿವಾರ ರವಿವಾರ ಇಲ್ಲಿ. ಹುಟ್ಟಿದ್ದು ನಿಂಬರ್ಗಾದಲ್ಲಿ. ಅಂಜುಬುರುಕ ಅಂತ ಹೆಸರು ಬಂದದ್ದು ಅಲ್ಲೇ. ಬಸ್ಸು ಬರುವ ಅರ್ಧ ತಾಸು ಮೊದಲೇ ನಿಲ್ದಾಣದಲ್ಲಿ ನಿಂತಿರುತ್ತೇನೆ, ಬಂದ ಮೇಲೆ ಇದೇ ಬಸ್ಸು ಹೌದೋ ಅಲ್ಲೋ ಅಂತ ಮೂರು ಮಂದಿಯನ್ನು ಕೇಳುತ್ತೇನೆ. ಮನೆಗೆ ಬೀಗ ಹಾಕಿ ಗಲ್ಲಿ ದಾಟಿದವನು ವಾಪಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಮಹಾದೇವಿ ಅನ್ನುತ್ತಾಳೆ, "ನಿಮ್ಮ ಕೈಯಾಗ ಸಿಕ್ಕು ಆ ಬೀಗಕ್ಕ ನೆಗ್ಗು ಬಿದ್ದಾವ." ಇಂಥವನಿಗೆ ದೇವರು ಗಣಿತ ಕೊಟ್ಟದ್ದು ಕರುಣೆಯಿಂದ ಅಂತ ನಾನು ತಿಳಿದಿದ್ದೆ. ಅಲ್ಲಿ ಎರಡು ಕೂಡಿಸು ಎರಡು ಅಂದರೆ ನಾಲ್ಕೇ, ಹೆದರಿಕೆಗೆ ಜಾಗವೇ ಇಲ್ಲ.

ಆದರೆ ಆ ಗಣಿತದೊಳಗೂ ಒಂದು ಬಾಣ ಇಟ್ಟುಬಿಟ್ಟಿದ್ದಾರೆ. ಅದೇ ವೆಕ್ಟರ್, ಪುಸ್ತಕದ ಭಾಷೆಯಲ್ಲಿ ಸದಿಶ. ಎಷ್ಟು ಅಂತ ಹೇಳಿದರೆ ಸಾಲದು, ಯಾವ ಕಡೆ ಅಂತಲೂ ಹೇಳಬೇಕು. ಐದು ಕಿಲೋ ತೊಗರಿಬೇಳೆಗೆ ದಿಕ್ಕಿಲ್ಲ. ಐದು ಮೈಲಿ ನಡೆದೆ ಅಂದರೆ ಎತ್ತ ಅಂತ ಕೇಳಬೇಕಾಗುತ್ತದೆ. ಅಕ್ಷರದ ತಲೆಯ ಮೇಲೆ ಬಾಣ ಹಾಕಿದರೆ ಅದಕ್ಕೆ ದಿಕ್ಕುಂಟು ಅಂತ ಅರ್ಥ. ಇಪ್ಪತ್ತೆರಡು ವರ್ಷ ಆ ಬಾಣ ಹಾಕಿದ್ದೇನೆ. ಒಮ್ಮೆ ಕಿರಾಣಿ ಚೀಟಿಯಲ್ಲಿ ಎಣ್ಣೆಯ ತಲೆಯ ಮೇಲೂ ಬಾಣ ಬಿದ್ದು, ಅಂಗಡಿಯವ ಅದನ್ನು ಹೊಡೆದು ಹಾಕಿದ ಗುರುತು ಅಂದುಕೊಂಡು ಎಣ್ಣೆಯನ್ನೇ ಕೊಡಲಿಲ್ಲ.

ಹೋದ ವರ್ಷ ವೆಕ್ಟರ್ ಪಾಠದ ಮೊದಲ ದಿನ. ಮೂರನೆಯ ಬೆಂಚಿನಿಂದ ಭಾಗಮ್ಮ ಎದ್ದು ನಿಂತಳು. ಭೀಮಾ ಹೊಳೆಯ ಆಚೆ ದಂಡೆಯ ಊರಿನವಳು. ಅವರಪ್ಪ ಸಾಯಬಣ್ಣ ಅಲ್ಲಿ ಅಂಬಿಗ. ಈಗ ಹೊಳೆಗೆ ಬಾಂದಾರ, ಅಂದರೆ ಗಿಡ್ಡ ಅಡ್ಡಗಟ್ಟೆ, ಕಟ್ಟಿ ಅದರ ಮೇಲೆ ಹಾದಿ ಆಗಿದೆ, ಆದರೂ ಮೀನಿಗೆ, ಆಚೆ ಈಚೆ ಹೊಲಕ್ಕೆ, ಅವನ ತಗಡಿನ ದೋಣಿ ಓಡಾಡುತ್ತಲೇ ಇರುತ್ತದೆ.

"ಸರ್, ಈ ಬಾಣ ಮೊದಲ ಯಾರು ಹಾಕಿದ್ರು ರಿ?"

ಖರೇ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಧೈರ್ಯವೂ ಇರಲಿಲ್ಲ. "ಪರೀಕ್ಷಾದಾಗ ಕೇಳಂಗಿಲ್ಲ, ಬರ್ಕೋ" ಅಂದೆ.

ಬರೆದುಕೊಂಡಳು. ನಾನು ಹಲಗೆಯ ಮೇಲೆ ಹೊಳೆ ಬರೆದೆ, ದೋಣಿ ಬರೆದೆ, ದೋಣಿಯ ಬಾಣವನ್ನು ಎದುರು ದಂಡೆಗೆ ಸೀದಾ ಎಳೆದೆ, ನೀರಿನ ಬಾಣವನ್ನು ಪಕ್ಕಕ್ಕೆ ಎಳೆದೆ, ಎರಡೂ ಕೂಡಿ ದೋಣಿ ಓರೆಯಾಗಿ ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ತೋರಿಸಿದೆ. ಅವಳು ಮತ್ತೆ ಎದ್ದಳು.

"ಸರ್, ನಮ್ಮಪ್ಪ ಹಿಂಗ ಹೋಗಂಗಿಲ್ರಿ. ಮೂತಿ ಮ್ಯಾಲಕ್ಕ ಮಾಡಿ ಹೋಗ್ತಾನ್ರಿ. ಆವಾಗ ಸೀದಾ ಘಾಟಿಗೇ ಹೋಗಿ ಹತ್ತತದ."

ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ನೀರು ಕೆಳಕ್ಕೆ ಎಷ್ಟು ಎಳೆಯುತ್ತದೋ ಅಷ್ಟು ಮೇಲಕ್ಕೆ ಮೂತಿ ತಿರುಗಿಸಿದರೆ ದೋಣಿ ಎದುರಿನ ಘಾಟಿಗೇ, ಅಂದರೆ ಹತ್ತಿಳಿಯುವ ಜಾಗಕ್ಕೇ, ಮುಟ್ಟುತ್ತದೆ. ಪುಸ್ತಕದ ಮುಂದಿನ ಪುಟದಲ್ಲಿ ಅದೇ ಲೆಕ್ಕ ಇತ್ತು. ಆದರೆ ಗಂಟೆ ಬಾರಿಸಲು ಐದು ನಿಮಿಷ ಉಳಿದಿತ್ತು, ಪಾಠ ಮುಗಿಯಲಿಲ್ಲ ಅಂತ ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.

"ನಿಮ್ಮಪ್ಪನ ದೋಣಿ ಸಿಲಬಸ್ಸಿನಾಗ ಇಲ್ಲ, ಕುಂಡ್ರು ಬೇ" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.

ಭಾಗಮ್ಮ ಕೂತಳು. ಅವತ್ತಿನಿಂದ ಏನೂ ಕೇಳಲಿಲ್ಲ. ಆಮೇಲೆ ಬರುವುದನ್ನೂ ಕಡಿಮೆ ಮಾಡಿದಳು. ಮಾರ್ಚ್ ಪರೀಕ್ಷೆಯಲ್ಲಿ ಉಳಿದೆಲ್ಲಾ ವಿಷಯದಲ್ಲಿ ಪಾಸಾಗಿ ಗಣಿತ ಒಂದರಲ್ಲೇ ಹೋದಳು. ಹಾಜರಿ ಪುಸ್ತಕ ತಿರುವಿ ನೋಡಿದರೆ, ಗೈರುಹಾಜರಿಗಳ ಸಾಲು ನಾನು ನಕ್ಕ ಆ ದಿನದ ಮರುದಿನದಿಂದಲೇ ಶುರುವಾಗಿತ್ತು.

ನೋಡ್ರಿ, ಗಾಳಿಯ ದಿಕ್ಕು ನೀರಿನ ದಿಕ್ಕು ಗೊತ್ತಿದ್ದವರನ್ನು ನಾನು ಹುಟ್ಟಿದಾಗಿನಿಂದ ನೋಡಿದವನು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಿಂಬರ್ಗಾದ ಕಣದಲ್ಲಿ ತೊಗರಿ ತೂರುತ್ತಿದ್ದಳು. ಮೊದಲು ಒಂದು ಹಿಡಿ ಮಣ್ಣು ತಗೊಂಡು ಬೆರಳ ಸಂದಿಯಿಂದ ಬಿಡುವಳು. ಅದು ಎತ್ತ ವಾಲುತ್ತದೆ ನೋಡಿ, ಸೊಂಟಕ್ಕೆ ಸೆರಗು ಸಿಗಿಸಿ, ಮೊರ ಎತ್ತಿ ಒಂದು ಕೋನಕ್ಕೆ ನಿಲ್ಲುವಳು. ಕಾಳು ಕಾಲ ಹತ್ತಿರ, ಹೊಟ್ಟು ಹತ್ತು ಮೊಳ ದೂರ. "ಗಾಳಿ ಅತ್ತ ಎಳಿತದ, ಭೂಮಿ ಕೆಳಗ ಎಳಿತದ. ನೀ ಎರಡಕ್ಕೂ ಅಡ್ಡ ನಿಂದ್ರಬ್ಯಾಡ" ಅನ್ನುವಳು. ನಾನು ಸರಿಯಾಗಿ ಹೊಟ್ಟು ಬೀಳುವ ಜಾಗದಲ್ಲೇ ನಿಂತು ಎರಡು ದಿನ ಕಣ್ಣು ಕೆಂಪು ಮಾಡಿಕೊಂಡು ಅಳುತ್ತಿದ್ದೆ. ಮುಂದೆ ದೊಡ್ಡವನಾಗಿ ಅದನ್ನೇ ಎರಡು ಬಾಣ ಮಾಡಿ ಹಲಗೆಯ ಮೇಲೆ ಎಳೆದೆ, ಆಯಿಯ ನೆನಪು ಒಂದು ದಿನವೂ ಆಗಲಿಲ್ಲ.

ನಪಾಸಾದ ಸುದ್ದಿ ಕೇಳಿದ ವಾರವೇ ಬಾಣದ ಚರಿತ್ರೆ ಹುಡುಕಲು ಕೂತೆ. ಪ್ರಾಯಶ್ಚಿತ್ತ ಅಂತ ತಿಳೀರಿ. ಓದುತ್ತಾ ಹೋದಂತೆ ಮನಸ್ಸಿಗೆ ಸ್ವಲ್ಪ ಸಮಾಧಾನ, ಯಾಕೆಂದರೆ ಅಲ್ಲಿಯೂ ಎಲ್ಲಾ ನನ್ನಂಥ ಚಡಪಡಿಸುವ ಮಂದಿಯೇ. ಆಮೇಲೆ ಮರುಪರೀಕ್ಷೆಗೆ ತಯಾರಿ ಮಾಡಿಸುತ್ತೇನೆ ಅಂತ ಪ್ರತಿ ರವಿವಾರ ಅವರ ಮನೆಗೇ ಹೋಗತೊಡಗಿದೆ. ಸಾಯಬಣ್ಣ ಅಂಗಳಕ್ಕೆ ಚಾಪೆ ಹಾಸಿ, ತಾನು ದೂರ ಕೂತು ಬಲೆ ಹೆಣೆಯುತ್ತಾ, "ಸರ್ ಅಂಥವ್ರು ನಮ್ಮ ಮನಿತನಕ ಬಂದ್ರಲ್ಲ" ಅಂತ ಮತ್ತೆ ಮತ್ತೆ ಅನ್ನುತ್ತಿದ್ದ. ನಾನು ಯಾಕೆ ಬಂದಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ಹೇಳೋಣ ಅಂತ ನಾಲಿಗೆಯ ತುದಿಗೆ ಬಂದದ್ದು ಪ್ರತಿ ಸಲ ಚಹಾದ ಜೊತೆ ಒಳಗೆ ಹೋಗುತ್ತಿತ್ತು.

ನಾನು ಚರಿತ್ರೆ ಹೇಳಿದೆ. ನಾರ್ವೆ ಕಡೆಯವನೊಬ್ಬ, ಭೂಮಿ ಅಳೆಯುವ ಸರ್ವೇದವನು, ಗೆರೆಗೆ ಉದ್ದದ ಜೊತೆ ದಿಕ್ಕನ್ನೂ ಕೊಟ್ಟು, ಗೆರೆಗಳನ್ನೇ ಕೂಡಿಸುವುದು ಗುಣಿಸುವುದು ಹೆಂಗೆ ಅಂತ ಬರೆದ. ಬರೆದದ್ದನ್ನು ಹತ್ತಿರ ಹತ್ತಿರ ನೂರು ವರ್ಷ ಯಾರೂ ಗಮನಿಸಲಿಲ್ಲ. ಭಾಗಮ್ಮನ ಕಣ್ಣು ಅರಳಿದವು.

"ಹಂಗಾದ್ರ ಇದು ಮೊದಲ ಹೊಲ ಅಳಿಯೋರಿಗೆ ಕಂಡಿತ್ತೇನ್ರಿ?"

ಆಕೆಗೆ ಸರ್ವೇ ತರಬೇತಿಗೆ ಸೇರುವ ಆಸೆ. ಊರಿಗೆ ಸರ್ವೇದವರು ಬಂದಾಗ ಅವರ ಹಿಂದೆ ಹಿಂದೆ ಬದುವಿನ ಮೇಲೆ ತಿರುಗಿದವಳು. ಗಣಿತ ಪಾಸಾದರೆ ಈ ವರ್ಷವೇ ಅರ್ಜಿ, ಇಲ್ಲದಿದ್ದರೆ ಓದು ಸಾಕು ಅಂತ ಮನೆಯಲ್ಲಿ ಹಿರಿಯರ ತೀರ್ಮಾನ ಆಗಿತ್ತು. ಸಾಯಬಣ್ಣ ಆ ಹಿರಿಯರ ಮಾತು ಮೀರುವ ಪೈಕಿ ಅಲ್ಲ.

ಇನ್ನೊಬ್ಬ ಐರ್ಲೆಂಡಿನವನು. ಮೂರು ಮೂರು ಸಂಖ್ಯೆಗಳ ಜೋಡಣೆಗಳನ್ನು ಒಂದಕ್ಕೊಂದು ಗುಣಿಸುವುದು ಹೆಂಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವನು. ಮುಂಜಾನೆ ನಾಷ್ಟಾಕ್ಕೆ ಬಂದರೆ ಸ್ವಂತ ಮಕ್ಕಳೇ ಗುಣಾಕಾರ ಬಂತೇನಪ್ಪಾ ಅಂತ ಕೇಳುತ್ತಿದ್ದರಂತೆ, ಇವನು ಇಲ್ಲ ಅಂತ ತಲೆಯಾಡಿಸುತ್ತಿದ್ದನಂತೆ. ಕಡೆಗೆ ಒಂದು ದಿನ ಹೆಂಡತಿಯ ಜೊತೆ ಕಾಲುವೆಯ ದಂಡೆಗುಂಟ ನಡೆಯುವಾಗ ಫಕ್ಕನೆ ಹೊಳೆಯಿತು. ಮೂರು ಸಾಲದು, ನಾಲ್ಕು ಬೇಕು! ಮರೆತುಬಿಟ್ಟರೆ ಅನ್ನುವ ಗಾಬರಿಗೆ ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೇ ಸೂತ್ರ ಕೆತ್ತಿದ. ವೆಕ್ಟರ್ ಅನ್ನುವ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವನೂ ಅವನೇ.

ಬಲೆಯಿಂದ ತಲೆ ಎತ್ತದೆ ಸಾಯಬಣ್ಣ ಅಂದ, "ಅಷ್ಟು ವರ್ಷ ದಂಡ್ಯಾಗ ತಿರುಗೋ ಬದ್ಲಿ, ಕೆಳಗಿಳಿದು ಒಮ್ಮಿ ದೋಣ್ಯಾಗ ಕುಂತಿದ್ರ ಬ್ಯಾಗ ತಿಳೀತಿತ್ತು ಬಿಡ್ರಿ."

ಭಾಗಮ್ಮ ನಕ್ಕಳು. ಒಂದು ವರ್ಷದ ಮೇಲೆ ಆಕೆ ನನ್ನೆದುರು ನಕ್ಕದ್ದು ಅದೇ ಮೊದಲು.

ಮತ್ತೊಬ್ಬ ಜರ್ಮನಿಯ ಶಾಲಾ ಮಾಸ್ತರ. ಅದೇ ಕಾಲಕ್ಕೆ, ಒಬ್ಬನೇ ಕೂತು, ಇದೇ ವಿಷಯದ ಮೇಲೆ ದೊಡ್ಡ ಪುಸ್ತಕ ಬರೆದ. ಯಾರಿಗೂ ತಿಳಿಯಲಿಲ್ಲ, ಯಾರೂ ಕೊಳ್ಳಲಿಲ್ಲ, ಉಳಿದ ಪ್ರತಿಗಳು ರದ್ದಿಗೆ ಹೋದವು. ಬೇಸತ್ತು ಸಂಸ್ಕೃತ ಕಲಿತು ಋಗ್ವೇದಕ್ಕೆ ಶಬ್ದಕೋಶ ಬರೆದನಂತೆ. ಮಾಸ್ತರರ ಪಾಡು ಎಲ್ಲಾ ಕಡೆ ಒಂದೇ! ಮುಂದೆ ಅಮೆರಿಕದ ಒಬ್ಬ ಪ್ರೊಫೆಸರ, ಇಂಗ್ಲೆಂಡಿನ ಒಬ್ಬ ತಾರು ಕಚೇರಿಯವನು ಇದನ್ನೆಲ್ಲಾ ಕತ್ತರಿಸಿ ಸಣ್ಣದು ಮಾಡಿ, ನಾವು ಇವತ್ತು ಕಲಿಸುವ ರೂಪಕ್ಕೆ ತಂದರು. ಬಾಣವನ್ನು ಮಾತ್ರ ಮೊದಲು ಯಾರು ಹಾಕಿದರೋ ನನಗೆ ಖಾತ್ರಿಯಾಗಿ ಸಿಗಲಿಲ್ಲ. ಅಚ್ಚಿನ ಪುಸ್ತಕದಲ್ಲಿ ದಪ್ಪಕ್ಷರ ಹಾಕುತ್ತಿದ್ದರು. ಹಲಗೆಯ ಮೇಲೆ ದಪ್ಪಕ್ಷರ ಬರೆಯಲು ಬೇಸತ್ತ ಯಾವನೋ ಮಾಸ್ತರನ ಕೆಲಸ ಇರಬೇಕು ಅಂತ ನನ್ನ ಊಹೆ.

ಇಷ್ಟೆಲ್ಲಾ ಹೇಳಿಯೂ ನನ್ನ ಗುಣ ಬಿಡಬೇಕಲ್ಲ? ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕೊನೆಯ ಪಾಠಕ್ಕೆ ಹೋದವನು, ಸೀದಾ ಎದುರು ಘಾಟಿಗೆ ಮುಟ್ಟಲು ದೋಣಿಯ ಮೂತಿ ಯಾವ ಕಡೆ ಇರಬೇಕು ಅನ್ನುವ ಆ ಲೆಕ್ಕ ಬಂದಾಗ, "ಇದು ಮೂರು ವರ್ಷದಿಂದ ಬಂದಿಲ್ಲ, ಬಿಟ್ಟುಬಿಡು, ಟೈಮ್ ಹಾಳು" ಅಂದೆ. ಆಕೆ ಪುಟ ಮಗುಚಿದಳು.

ಅವತ್ತು ಪಾಠ ತಡವಾಗಿ ಅಲ್ಲೇ ಉಳಿದೆ. ಬೆಳಗಾಗಿ ನೋಡಿದರೆ ಮೇಲಿನ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ಏರಿದೆ, ಬಾಂದಾರದ ಹಾದಿಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದೆ. ಬಾಂದಾರದ ಮೇಲೆ ಓಡಿಸಲು ಹೆದರಿ ನಾನು ಬಿಟ್ಟುಬಂದ ಬೈಕು ಅಫಜಲಪುರದ ಕಡೆಯ ದಂಡೆಯಲ್ಲಿ, ಘಾಟಿನ ಬೇವಿನ ಗಿಡದ ಕೆಳಗೆ. ಸುತ್ತುಬಳಸಿ ಹೋದರೆ ಮಧ್ಯಾಹ್ನ ಆಗುತ್ತದೆ. ಹತ್ತೂಕಾಲಿಗೆ ಪರೀಕ್ಷೆ.

"ಇದೇನು ದೊಡ್ಡ ನೀರಲ್ರಿ, ನಾ ದಾಟಸ್ತೇನಿ" ಅಂದ ಸಾಯಬಣ್ಣ. ಭಾಗಮ್ಮನಿಗೂ ನನಗೂ ಗಾಳಿ ತುಂಬಿದ ಟ್ಯೂಬು ಸೊಂಟಕ್ಕೆ ಸಿಗಿಸಿದ. ಕಿಸೆಯಲ್ಲಿ ನಿನ್ನೆಯ ಚಾಕ್‌ಪೀಸು, ಕೊರಳತನಕ ಜೀವ, ಹಂಗೆ ದೋಣಿ ಹತ್ತಿದೆ.

ಸಾಯಬಣ್ಣ ದೋಣಿಯ ಮೂತಿಯನ್ನು ಮೇಲಕ್ಕೆ, ನೀರು ಬರುವ ಕಡೆಗೆ ತಿರುಗಿಸಿ ಹುಟ್ಟು ಹಾಕತೊಡಗಿದ. ನನ್ನ ಕಣ್ಣು ಬೇವಿನ ಗಿಡದ ಮೇಲೆ. ಗಿಡ ಬಲಕ್ಕೆ ಇದೆ, ನಾವು ಎಡಕ್ಕೆ ಹೊರಟಿದ್ದೇವೆ!

"ಏ ಸಾಯಬಣ್ಣ, ಘಾಟು ಅಲ್ಲದ! ಇತ್ತ ಎಲ್ಲಿಗಿ ಹೊಂಟೀರಿ?"

"ಹೊಳಿನೇ ನಮ್ಮನ್ನ ಅಲ್ಲಿಗಿ ಒಯ್ದು ಬಿಡ್ತದರಿ ಸರ್. ನೀವು ಗಪ್ ಕುಂಡ್ರಿ."

ಕೂಡಬೇಕಿತ್ತು. ಇಪ್ಪತ್ತೆರಡು ವರ್ಷ ಕಲಿಸಿದ ಬಾಣ, ನಾರ್ವೆಯವನು, ಐರ್ಲೆಂಡಿನವನು, ಕಣದಲ್ಲಿ ನಿಂತ ನಮ್ಮ ಆಯಿ, ಒಂದೂ ತಲೆಯಲ್ಲಿ ಇರಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತಾರಲ್ಲ, ಅವನು ದೋಣಿಯಲ್ಲಿ ಎದ್ದು ನಿಂತಿದ್ದ. ದೋಣಿ ಅಲ್ಲಾಡಿತು.

"ಪರೀಕ್ಷಾ ತಪ್ಪತದ! ನಾ ಹೇಳಾಕತ್ತೇನಿ, ಸೀದಾ ಗಿಡದ ಕಡಿ ನಡೀರಿ! ಗುರುವಿನ ಮಾತು ಕೇಳ್ರಿ!"

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಸಾಯಬಣ್ಣ ಹುಟ್ಟಿನಿಂದ ಬಡಿದು ಕೂಡಿಸುತ್ತಿದ್ದ. ಆದರೆ ಅಂದದ್ದು ಮಗಳ ಗುರು. ರವಿವಾರ ಬಿಟ್ಟು ಅವನ ಅಂಗಳಕ್ಕೆ ಬಂದು ಅಕ್ಷರ ಹೇಳಿದವನು. ಸಾಯಬಣ್ಣ ಒಂದು ಸಲ ಮಗಳ ಮುಖ ನೋಡಿದ. ಆಕೆ ನನ್ನ ಮುಖ ನೋಡಿ ಕೆಳಗೆ ನೋಡಿದಳು. ಅವನು ಮೂತಿಯನ್ನು ಸೀದಾ ಗಿಡದ ಕಡೆ ತಿರುಗಿಸಿದ.

ಆಮೇಲೆ ಆದದ್ದನ್ನು ನಾನು ಹಲಗೆಯ ಮೇಲೆ ನೂರಾರು ಸಲ ಬರೆದಿದ್ದೇನೆ. ಗಿಡ ನೋಡನೋಡುತ್ತಾ ಎಡಕ್ಕೆ ಸರಿಯಿತು. ಘಾಟು ಸರಿಯಿತು. ನನ್ನ ಬೈಕು ಸಣ್ಣದಾಗುತ್ತಾ ಹೋಯಿತು. ಸಾಯಬಣ್ಣ ಎಷ್ಟು ಹುಟ್ಟು ಹಾಕಿದರೂ ನೀರು ತನ್ನ ಬಾಣ ಬಿಡಲಿಲ್ಲ. ದಂಡೆ ಹತ್ತಿದ್ದು ಎಷ್ಟೋ ಕೆಳಗೆ, ಕಬ್ಬಿನ ಗದ್ದೆಯ ಹಿಂದಿನ ಕೆಸರಿನಲ್ಲಿ. ತೊಡೆಯತನಕ ಹೂತುಕೊಂಡು, ಎದ್ದು, ಬಿದ್ದು ನಡೆದೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆ ಇದೆ, ನಾನು ದಾಟುವ ಮೊದಲೇ ಅವನ ಹಂಗು ಹರಿದುಕೊಂಡಿದ್ದೆ. ಭಾಗಮ್ಮ ಹಾಲ್‌ಟಿಕೆಟ್ಟಿನ ಪ್ಲಾಸ್ಟಿಕ್ ಚೀಲವನ್ನು ತಲೆಯ ಮೇಲೆ ಹಿಡಿದು ಮುಂದೆ ಮುಂದೆ ಓಡುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಬೈಕು ಹತ್ತಿ ಅಫಜಲಪುರ ಮುಟ್ಟಿದಾಗ ಪರೀಕ್ಷೆ ಶುರುವಾಗಿ ಇಪ್ಪತ್ತೈದು ನಿಮಿಷ. ಇನ್ನು ಐದು ನಿಮಿಷ ತಡವಾಗಿದ್ದರೆ ಒಳಗೆ ಬಿಡುತ್ತಲೇ ಇರಲಿಲ್ಲ. ಕೆಸರು ಕಾಲಿನಲ್ಲೇ ಓಡಿ ಒಳಗೆ ಹೋದಳು. ನಾನು ಗೇಟಿನ ಹೊರಗೆ ನಿಂತೆ. ಪರೀಕ್ಷೆ ಮುಗಿದ ಮೇಲೆ ಮೊದಲು ಹೊರಗೆ ಬಂದವರ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದರೆ, ಯಪ್ಪಾ! ಮೂರು ವರ್ಷದಿಂದ ಬಾರದ ಲೆಕ್ಕ, ಬಿಟ್ಟುಬಿಡು ಅಂತ ನಾನು ಹೇಳಿದ ಲೆಕ್ಕ, ದೋಣಿಯ ಮೂತಿ ಯಾವ ಕಡೆ ಅನ್ನುವ ಲೆಕ್ಕ, ಐದು ಮಾರ್ಕಿಗೆ ಕೂತಿತ್ತು. ಭಾಗಮ್ಮನನ್ನು ಹೆಂಗೆ ಬರೆದೆ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವಳಪ್ಪ ಕೂಡ ಗೇಟಿನ ಬಳಿಗೆ ಬಂದಿದ್ದ. ಅವನ ಮುಖ ನೋಡಲಾರದೆ ಏನೋ ಕೆಲಸದ ನೆವ ಹೇಳಿ ಬೈಕು ಹತ್ತಿದೆ.

ಇದು ನೋಡ್ರಿ ಆ ಅಂಗಿಯ ಕತೆ.

ಈಗ ಮೂರು ಹೊಡೆದು ಹತ್ತು ನಿಮಿಷ. ಮೊಬೈಲಿನಲ್ಲಿ ಫಲಿತಾಂಶದ ಚಕ್ರ ಸುಮ್ಮನೆ ತಿರುಗುತ್ತಿದೆ. ಮಹಾದೇವಿಗೆ ಎಲ್ಲಾ ಹೇಳಿಬಿಟ್ಟೆ. ಆಕೆ ಅಂಗಿ ಬಕೆಟ್ಟಿಗೆ ಹಾಕಿ, "ಅಂಗಿ ಇಟ್ಟುಕೊಂಡು ಏನು ಮಾಡ್ತೀರಿ? ಆ ಅಂಬಿಗ ಮನಶ್ಯಾಗ ಒಂದು ಮಾತು ಹೇಳ್ರಿ ಮೊದಲ" ಅಂದಳು. ಅಷ್ಟರಲ್ಲಿ ಫೋನು ಬಂತು. ಸಾಯಬಣ್ಣನ ನಂಬರು, ಭಾಗಮ್ಮನ ದನಿ.

"ಸರ್, ಪಾಸ್ ಆದೇನ್ರಿ! ಪಾಸಿಗಿಂತ ಒಂದೇ ಮಾರ್ಕು ಹೆಚ್ಚು ಬಂದದರಿ, ಆದ್ರೂ ಪಾಸ್ ಆದೇನ್ರಿ!"

ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಕೂತಲ್ಲಿಂದಲೇ ಕೇಳಿದೆ, "ಆ ದೋಣಿ ಲೆಕ್ಕ?"

"ಅದನ್ನೇ ಮೊದಲ ಬರದೇನ್ರಿ. ನೀವು ಬಿಡು ಅಂದಿದ್ರಿ ಖರೆ. ಆದ್ರ ಅವತ್ತು ಮುಂಜಾನೆನೇ ಕಣ್ಣಾರೆ ನೋಡಿದ್ನಲ್ರಿ, ಸೀದಾ ಹೊಂಟ್ರ ಎಲ್ಲಿಗಿ ಹೋಗ್ತೀವಿ ಅಂತ."

ಅಷ್ಟರಲ್ಲಿ ಫೋನು ಸಾಯಬಣ್ಣನ ಕೈಗೆ ಹೋಯಿತು.

"ಸರ್, ನಿಮ್ಮ ಉಪಕಾರ ಮರೆಯಂಗಿಲ್ರಿ. ಒಂದು ಮಾತು ಮನಸಿನ್ಯಾಗ ಕೊರೀತಿತ್ತರಿ. ಅವತ್ತು ನೀವು ಗಾಬರಿ ಆಗಿದ್ರಿ, ನಾನರ ತಿಳಕೋಬೇಕಿತ್ತು. ಅಂಬಿಗ ಆದಾವ ಹುಟ್ಟು ಕೈಯಾಗ ಇದ್ದಾಗ ಕುಂತವರ ಮಾತು ಕೇಳಬಾರದರಿ. ಅಕಿ ಅರ್ಧ ತಾಸು ನನ್ನಿಂದ ಹೋತರಿ. ತಪ್ಪು ನಂದು, ಮನಸಿಗಿ ಹಚ್ಕೋಬ್ಯಾಡ್ರಿ."

ಒಂದು ತಿಂಗಳಿಂದ ನಾನು ಹೇಳಲಾರದ ಮಾತನ್ನು ಅವನು ನನಗೇ ಹೇಳುತ್ತಿದ್ದ. ಬಾಗಿಲಲ್ಲಿ ಮಹಾದೇವಿ ಒದ್ದೆ ಅಂಗಿ ಹಿಡಿದು ನಿಂತಿದ್ದಳು.

"ಇಲ್ಲ ಸಾಯಬಣ್ಣ" ಅಂದೆ. "ತಪ್ಪು ನಂದು. ಅವತ್ತಿಂದೂ ನಂದೇ, ಅದರ ಹಿಂದಿಂದೂ ನಂದೇ. ಹೋದ ವರ್ಷ ನಿಮ್ಮ ಮಗಳು ಕ್ಲಾಸಿನ್ಯಾಗ ಇದೇ ಲೆಕ್ಕ ಸರಿ ಹೇಳಿದಾಗ, ನಿಮ್ಮಪ್ಪನ ದೋಣಿ ಸಿಲಬಸ್ಸಿನಾಗ ಇಲ್ಲ ಅಂತ ನಾ ನಗಿಸಿದೆ. ಅಕಿ ಬರೋದು ಬಿಟ್ಟಿದ್ದು ಅದಕ್ಕ. ನಾ ನಿಮ್ಮ ಮನಿಗಿ ಬಂದಿದ್ದೂ ಅದಕ್ಕ."

ಫೋನಿನಲ್ಲಿ ಹೊಳೆಯ ದಂಡೆಯ ಗಾಳಿಯ ಸಪ್ಪಳ ಕೇಳುತ್ತಿತ್ತು.

"ಮಗಳು ಎಲ್ಲಾ ಹೇಳ್ಯಾಳರಿ, ಕ್ಲಾಸಿನ್ಯಾಗ ನಕ್ಕ ದಿನಾನೇ ಹೇಳ್ಯಾಳ" ಅಂದ ಸಾಯಬಣ್ಣ. "ನೀವು ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ದೆ. ಬರ್ರಿ ಸರ್, ಬರೋ ರವಿವಾರ ಮನಿಗಿ ಊಟಕ್ಕ ಬರ್ರಿ. ಬಾಂದಾರದ ಮ್ಯಾಲೆ ಬ್ಯಾಡ, ನಾನೇ ದೋಣಿ ತರ್ತೇನಿ. ಆದ್ರ ಈ ಸಲ ಗಪ್ ಕುಂಡ್ರಬೇಕು ನೋಡ್ರಿ."

"ಕುಂಡ್ರತೇನಿ" ಅಂದೆ.